ಬಿಸಿ ಜಾಬ್ ಸುಳ್ಳು ಹೇಳುತ್ತೆ: ನಮ್ಮ ಶೆಡ್ಡಿಗೆ ಟರ್ನಿಂಗ್ ಸೆಂಟರ್ ಬಂದ ವರ್ಷ

ಡ್ರಾಯಿಂಗಿನ ಒಂದು ಮೂಲೆಯಲ್ಲಿ ‘30 ಜಿ6’ ಅಂತ ಬರೆದಿತ್ತು. ಅಷ್ಟೇ. ಆ ಒಂದು ಅಕ್ಷರ, ಒಂದು ಅಂಕಿ ನನ್ನ ಕೈಯಿಂದ 25 ಲಕ್ಷ ರೂಪಾಯಿ ಖರ್ಚು ಮಾಡಿಸಿತು.

ಲೇತ್ ಕೆಲಸದ ಪರಿಚಯ ಇಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೇತ್ ಅಂದರೆ ಲೋಹದ ಸರಳನ್ನು ತಿರುಗಿಸುತ್ತಾ ಟೂಲಿನಿಂದ ಕತ್ತರಿಸಿ ಆಕಾರ ಕೊಡುವ ಮಷಿನ್. ಅದರಲ್ಲಿ ಮಾಡುವ ತುಂಡಿಗೆ ನಾವು ಜಾಬ್ ಅನ್ನುತ್ತೇವೆ. 30 ಮಿಲಿಮೀಟರ್ ಶಾಫ್ಟಿಗೆ ಜಿ6 ಅಂದರೆ ಅದು 29.993ಕ್ಕಿಂತ ದಪ್ಪ ಆಗಬಾರದು, 29.980ಕ್ಕಿಂತ ತೆಳ್ಳಗೂ ಆಗಬಾರದು. ನಡುವೆ ನಮಗೆ ಸಿಗುವ ಜಾಗ 13 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲು ಸುಮಾರು 60-70 ಮೈಕ್ರಾನ್ ದಪ್ಪ ಇರುತ್ತೆ. ಆ ಕೂದಲನ್ನು ಉದ್ದಕ್ಕೆ ಐದು ಸೀಳು ಮಾಡಿ, ಒಂದು ಸೀಳಿನಷ್ಟು ಜಾಗದೊಳಗೆ ಕೆಲಸ ಮುಗಿಸಬೇಕು. ಒಂದು ಪೀಸ್ ಆದರೆ ಮಾಡಬಹುದು. ಗಿರಾಕಿ ಕೇಳಿದ್ದು ತಿಂಗಳಿಗೆ 3000.

ನಮ್ಮ ಶೆಡ್ ಇರುವುದು ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ. ಮೇಲೆ ಶೀಟು, ಮುಂದೆ ರೋಲಿಂಗ್ ಶಟರ್, ಪಕ್ಕದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವವರು, ಎದುರಿಗೆ ಟೀ ಅಂಗಡಿ. ಶುರು ಮಾಡಿದ್ದು ಅಪ್ಪ. ಅವರು ನನಗೆ ಬಿಟ್ಟು ಹೋದದ್ದು ಎರಡು ಲೇತು. ಒಂದು ಎಚ್‌ಎಂಟಿ ಎನ್‌ಎಚ್ 22, ಇನ್ನೊಂದು ಹರಿಹರದ ಕಿರ್ಲೋಸ್ಕರ್ ಎಂಟರ್‌ಪ್ರೈಸ್. ನಮ್ಮ ಕಡೆಯ ಹಳೆ ವರ್ಕ್‌ಶಾಪುಗಳಲ್ಲಿ ಈ ಎರಡರಲ್ಲಿ ಒಂದಾದರೂ ಕಣ್ಣಿಗೆ ಬೀಳುತ್ತೆ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರದಲ್ಲಿ ಶುರುವಾದದ್ದು. ಎಚ್‌ಎಂಟಿ 1953ರಲ್ಲಿ, ಇಲ್ಲೇ ಪಕ್ಕದ ಜಾಲಹಳ್ಳಿಯಲ್ಲಿ.

ಎಚ್‌ಎಂಟಿ ಲೇತಿನ ಮುಂದೆ ನಿಲ್ಲುವವರು ನಮ್ಮ ಮೇಸ್ತ್ರಿ. ವಯಸ್ಸು 58. ನಾನು ಚಡ್ಡಿ ಹಾಕಿಕೊಂಡು ಶೆಡ್ಡಿಗೆ ಬರುತ್ತಿದ್ದಾಗಲೇ ಅವರು ಅಲ್ಲಿದ್ದರು. ಟೂಲ್ ಸವೆದಿದೆಯಾ ಅಂತ ಅವರು ಕಣ್ಣಲ್ಲಿ ನೋಡುವುದಿಲ್ಲ, ಕಿವಿಯಲ್ಲಿ ಕೇಳುತ್ತಾರೆ. ಟೀ ಕುಡಿಯುತ್ತಾ ಬೆನ್ನು ಹಾಕಿ ಕೂತಿದ್ದವರು ಇದ್ದಕ್ಕಿದ್ದಂತೆ ಎದ್ದು ಹೋಗಿ ಮಷಿನ್ ನಿಲ್ಲಿಸುತ್ತಾರೆ. ನೋಡಿದರೆ ಟೂಲಿನ ತುದಿ ಹೋಗಿರುತ್ತೆ.

ಸರಿ, 3000 ಪೀಸ್. ಒಂದು ಶಾಫ್ಟಿಗೆ ಲೇತಿನಲ್ಲಿ 12 ನಿಮಿಷ ಬೇಕಿತ್ತು. 30ರ ಜಾಗವನ್ನು 0.3 ಮಿಲಿಮೀಟರ್ ದಪ್ಪ ಬಿಟ್ಟು, ಹೊರಗೆ ಗ್ರೈಂಡಿಂಗಿಗೆ ಕಳಿಸಿ ಸೈಜಿಗೆ ತರುತ್ತಿದ್ದೆವು. ಗುಣಿಸಿ ನೋಡಿದೆ: ಬರೀ ಟರ್ನಿಂಗಿಗೇ 600 ಗಂಟೆ. ಒಂದು ಲೇತು, ಒಂದು ಶಿಫ್ಟು, 25 ದಿನ ಅಂದರೆ ಸಿಗುವುದು 200 ಗಂಟೆ. ಗ್ರೈಂಡಿಂಗಿನವರ ಮನೆ ಬಾಗಿಲು ಕಾಯುವ ಲೆಕ್ಕ ಬೇರೆ. ಗಿರಾಕಿ ಮೆತ್ತಗೆ ಒಂದು ಮಾತು ಹೇಳಿದರು. “ಸಿಎನ್‌ಸಿ ಇದ್ದರೆ ನೋಡೋಣ.” ಅಂದರೆ ಬರೆದುಕೊಟ್ಟ ಪ್ರೋಗ್ರಾಂ ಪ್ರಕಾರ ಕಂಪ್ಯೂಟರೇ ಓಡಿಸುವ ಲೇತು. ಟರ್ನಿಂಗ್ ಸೆಂಟರ್ ಅನ್ನುವುದೂ ಇದಕ್ಕೇ. ಇಲ್ಲದಿದ್ದರೆ ಏನು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

2025ರ ಜನವರಿಯಲ್ಲಿ ಇಮ್‌ಟೆಕ್ಸ್ ಇತ್ತು. ಲೋಹ ಕತ್ತರಿಸುವ ಮಷಿನುಗಳ ಜಾತ್ರೆ ಅಂದರೆ ಅದೇ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರಕ್ಕೆ ಹೋಗುವುದು ಮುಂಚೆ ಟ್ರಾಫಿಕ್ಕಿನಲ್ಲಿ ಒಂದು ಶಿಕ್ಷೆ. ಹಿಂದಿನ ನವೆಂಬರಿನಲ್ಲಷ್ಟೇ ಮೆಟ್ರೋ ಮಾದಾವರದವರೆಗೆ ಬಂದಿತ್ತು. ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ. ಹೊಸ ಅಂಗಿ ಹಾಕಿಕೊಂಡು ಬಂದಿದ್ದರು.

ಒಳಗೆ ಹೋದರೆ ತಲೆ ತಿರುಗುತ್ತೆ. ರಾಜಕೋಟೆಯ ಜ್ಯೋತಿ, ಕೊಯಮತ್ತೂರಿನ ಎಲ್‌ಎಂಡಬ್ಲ್ಯು, ನಮ್ಮ ಪೀಣ್ಯದ್ದೇ ಆದ ಏಸ್, ಜಪಾನಿನ ಮಜಾಕ್, ಒಕುಮಾ... ಒಂದು ಮಷಿನಿನಲ್ಲಿ ಎದುರುಬದುರು ಎರಡು ಸ್ಪಿಂಡಲ್, ಅಂದರೆ ಜಾಬನ್ನು ತಿರುಗಿಸುವ ಅಚ್ಚು. ಸ್ಪಿಂಡಲಿನ ತುದಿಯಲ್ಲಿ ಚಕ್, ಅದರ ಮೂರು ಜಾ (ಹಿಡಿ) ಜಾಬನ್ನು ಕಚ್ಚಿ ಹಿಡಿಯುತ್ತವೆ. ಈ ಕಡೆಯ ಚಕ್ಕಿನಲ್ಲಿ ಜಾಬಿನ ಒಂದು ಬದಿ ಮುಗಿಯುತ್ತೆ. ಆ ಕಡೆಯದು ಬಂದು, ತಿರುಗುತ್ತಿರುವಾಗಲೇ ಜಾಬನ್ನು ಹಿಡಿದುಕೊಂಡು, ಇನ್ನೊಂದು ಬದಿ ಶುರು ಮಾಡುತ್ತೆ. ಇನ್ನೊಂದರಲ್ಲಿ ಟೂಲೇ ತಿರುಗುತ್ತೆ, ಲೇತಿನೊಳಗೇ ಕೀವೇ (ಶಾಫ್ಟಿನ ಉದ್ದಕ್ಕೆ ಒಂದು ಕಚ್ಚು) ಹೊಡೆದು ಅಡ್ಡ ತೂತು ಕೊರೆಯುತ್ತೆ. ಹಿಂದಿನಿಂದ ಬಾರ್ ಫೀಡರ್ ಸರಳು ತಳ್ಳುತ್ತಾ ಇರುತ್ತೆ. ಮೇಸ್ತ್ರಿ ಒಂದು ಮಷಿನ್ ಮುಂದೆ ಅರ್ಧ ಗಂಟೆ ನಿಂತರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. “ಇದರ ಜಾ ಯಾರು ಬೋರ್ ಮಾಡಿದ್ದು?” ಸ್ಟಾಲಿನ ಹುಡುಗನಿಗೆ ಪ್ರಶ್ನೆ ಅರ್ಥ ಆಗಲಿಲ್ಲ. ನನಗೂ ಅವತ್ತು ಆಗಲಿಲ್ಲ.

ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಎರಡು ಸ್ಪಿಂಡಲಿನ ಮಷಿನ್ ತಗೊಂಡರೆ ಎರಡನೇ ಆಪರೇಷನ್ನೇ ಬೇಡ ಅಲ್ವಾ ಅಂತ ಮನಸ್ಸು ಎಳೆಯಿತು. ರೇಟು ಕೇಳಿ ಆಸೆ ತಾನೇ ಇಳಿಯಿತು. ನನ್ನ ಶಾಫ್ಟಿಗೆ ಕೀವೇ ಇಲ್ಲ, ಅಡ್ಡ ತೂತಿಲ್ಲ. ಬೇಕಿದ್ದದ್ದು ಎರಡು ಆ್ಯಕ್ಸಿಸಿನ ಸಾದಾ ಟರ್ನಿಂಗ್ ಸೆಂಟರ್. ಆರು ಇಂಚಿನ ಹೈಡ್ರಾಲಿಕ್ ಚಕ್, ಎಂಟು ಟೂಲು ಹಿಡಿದು ತಿರುಗುವ ಟರೆಟ್, ಜಾಬಿನ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್. ಅಷ್ಟು ಸಾಕು.

ಮೂರು ಕಡೆ ಕೊಟೇಶನ್ ತಗೊಂಡೆ. ಕೊನೆಗೆ ಯಾವುದು ಕೊಂಡೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಜಾಹೀರಾತಾಗುತ್ತೆ, ಇಲ್ಲ ಜಗಳ ಆಗುತ್ತೆ. ಆದರೆ ಹೇಗೆ ಆರಿಸಿದೆ ಅನ್ನುವುದು ಉಪಯೋಗಕ್ಕೆ ಬರಬಹುದು.

ಮೊದಲನೆಯದು ಗೈಡ್‌ವೇ. ಮಷಿನಿನ ಸ್ಲೈಡು ಯಾವುದರ ಮೇಲೆ ಓಡುತ್ತೆ ಅನ್ನುವ ವಿಷಯ. ಬಾಕ್ಸ್ ವೇ ಅಂದರೆ ನಮ್ಮ ಹಳೆ ಲೇತಿನ ಹಾಗೆ ಕಬ್ಬಿಣದ ಮೇಲೆ ಕಬ್ಬಿಣ ಜಾರುವುದು. ದಪ್ಪ ಕಟ್ ಹೊಡೆಯಲು, ಮಧ್ಯೆ ಮಧ್ಯೆ ಟೂಲಿಗೆ ಪೆಟ್ಟು ಬೀಳುವಂಥ ಎರಕದ ಜಾಬಿಗೆ ಅದೇ ಗಟ್ಟಿ. ಎಲ್‌ಎಂ ಗೈಡ್ ಅಂದರೆ ಹಳಿಯ ಮೇಲೆ ಉರುಳುವ ಗುಂಡುಗಳು. ಉಜ್ಜಾಟ ಕಡಿಮೆ, ಓಟ ಜೋರು. ನನ್ನದು 32 ಮಿಲಿಮೀಟರಿನ ಇಎನ್8 ಉಕ್ಕಿನ ಸರಳು. ಟೂಲ್ ಕತ್ತರಿಸುವ ಹೊತ್ತಿಗಿಂತ ಹೋಗಿ ಬರುವ ಹೊತ್ತೇ ಲೆಕ್ಕಕ್ಕೆ ಬರುವಂಥ ಸಣ್ಣ ಜಾಬು. ಹಾಗಾಗಿ ಎಲ್‌ಎಂ ಸಾಕು ಅಂತ ತೀರ್ಮಾನ ಮಾಡಿದೆ.

ಎರಡನೆಯದು ಟ್ರಯಲ್. ನಾನು ಮಾಡಿದ ಒಳ್ಳೆ ಕೆಲಸ ಅಂದರೆ ಇದೊಂದೇ ಇರಬೇಕು. 50 ಸರಳು ಕತ್ತರಿಸಿ ಚೀಲಕ್ಕೆ ಹಾಕಿಕೊಂಡು ಅವರ ಡೆಮೋ ಸೆಂಟರಿಗೇ ಹೋದೆ. “ನನ್ನ ಜಾಬ್, ನನ್ನ ಡ್ರಾಯಿಂಗ್, ನನ್ನ ಕಣ್ಣೆದುರು ಓಡಿಸಿ” ಅಂದೆ. ಕೊಟೇಶನ್ನಿನಲ್ಲಿ ಎರಡು ನಿಮಿಷ ಅಂತ ಬರೆದವರದ್ದು ಓಡಿಸಿದಾಗ ಮೂರೂವರೆ ಆಯಿತು. ಇನ್ನೊಬ್ಬರದ್ದು 2 ನಿಮಿಷ 40 ಸೆಕೆಂಡ್. ಐವತ್ತೂ ಪೀಸನ್ನು ಮನೆಗೆ ತಂದು ಅಳೆದು, ಪುಸ್ತಕದಲ್ಲಿ ಬರೆದಿಟ್ಟು, ಆಮೇಲೆ ಅಡ್ವಾನ್ಸ್ ಕೊಟ್ಟೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಮಷಿನ್ 19 ಲಕ್ಷ. ಮೇಲೆ ಶೇಕಡಾ 18 ಜಿಎಸ್‌ಟಿ, ಅಂದರೆ 3 ಲಕ್ಷ 42 ಸಾವಿರ. ಇದು ಇನ್‌ಪುಟ್ ಕ್ರೆಡಿಟ್ ಆಗಿ ಮುಂದಿನ ಬಿಲ್ಲುಗಳಲ್ಲಿ ವಾಪಸ್ ಬರುತ್ತೆ, ನಿಜ. ಆದರೆ ಮೊದಲು ಕೈಯಿಂದ ಹೋಗಲೇಬೇಕು. ಅಡಮಾನ ಇಲ್ಲದ ಸಾಲಕ್ಕೆ ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಗ್ಯಾರಂಟಿ ಸ್ಕೀಮ್ ಇದೆ. ಒಂದು ಬ್ಯಾಂಕಿನಲ್ಲಿ ಅದರ ಹೆಸರು ಹೇಳಿದರೆ, “ಸ್ಕೀಮ್ ಇದೆ ಸಾರ್, ಸೈಟಿನ ಪತ್ರಾನೂ ತನ್ನಿ” ಅಂದರು. ಎರಡನೇ ಬ್ಯಾಂಕಿನಲ್ಲಿ ಕೆಲಸ ಆಯಿತು.

ಮಷಿನಿನ ಬೆಲೆಯಲ್ಲಿ ಸೇರದ ಖರ್ಚು ಇನ್ನೊಂದು ಮೂರು ಲಕ್ಷ. ಸ್ಟೆಬಿಲೈಜರ್, ಟೂಲ್ ಹೋಲ್ಡರುಗಳು, ಬೋರಿಂಗ್ ಬಾರ್, ಇನ್ಸರ್ಟು (ಟೂಲಿನ ತುದಿಗೆ ಹಾಕುವ, ಸವೆದರೆ ಬದಲಾಯಿಸುವ ಬಿಲ್ಲೆ), ಸಾಫ್ಟ್ ಜಾ, ಒಂದು ಮೈಕ್ರಾನ್ ತೋರಿಸುವ ಮೈಕ್ರೋಮೀಟರ್. ಯಾರೂ ಮೊದಲೇ ಹೇಳುವುದಿಲ್ಲ ಇದನ್ನ. ಮದುವೆಗೆ ಛತ್ರದ ಬಾಡಿಗೆ ಮಾತ್ರ ಲೆಕ್ಕ ಹಾಕಿ ಕೂತವನ ಹಾಗಾಯಿತು ನನ್ನ ಕಥೆ.

ಏಪ್ರಿಲ್ ಕೊನೆಯಲ್ಲಿ ಮಷಿನ್ ಬಂತು. ಅದಕ್ಕೂ ಮೊದಲು ನೆಲ ಅಗೆದು, ಸರಳು ಹೆಣೆದು ಕಾಂಕ್ರೀಟ್ ಹಾಕಿಸಿದ್ದೆ. ಬೇರೆ ಅರ್ಥ್ ಪಿಟ್ ಹೊಡೆಸಿ ಇದ್ದಿಲು, ಉಪ್ಪು ತುಂಬಿಸಿದ್ದೆ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ 2 ವೋಲ್ಟ್ ಮೀರಿದರೆ ಮಷಿನ್ ಆನ್ ಮಾಡಲ್ಲ ಅಂತ ಇನ್‌ಸ್ಟಾಲೇಶನ್ ಎಂಜಿನಿಯರ್ ಹಠ ಹಿಡಿದಿದ್ದರು. ಅವರ ಹಠ ಸರಿಯಾಗೇ ಇತ್ತು. ಡ್ರೈವ್ ಕಾರ್ಡ್ ಒಂದು ಸುಟ್ಟರೆ ಆಗುವ ಬಿಲ್ಲು ಕೇಳಿದ ಮೇಲೆ ಬೇಸಿಗೆಯಲ್ಲಿ ದಿನಾ ಆ ಪಿಟ್ಟಿಗೆ ಒಂದು ಕೊಡ ನೀರು ನಾನೇ ಹಾಕುತ್ತೇನೆ.

ಲಾರಿ ರಸ್ತೆಗೆ ಬಂತು, ಶೆಡ್ಡಿನ ಮುಂದಕ್ಕೆ ಬರಲಿಲ್ಲ. ಮೇಲೆ ಕೇಬಲ್ಲುಗಳ ಬಲೆ. ಹೈಡ್ರಾ ಕ್ರೇನ್ ಮೂರೂವರೆ ಟನ್ ತೂಕವನ್ನು ಎತ್ತಿ ನೆಲದಿಂದ ಒಂದಡಿ ಮೇಲೆ ಹಿಡಿದುಕೊಂಡು ಇಂಚಿಂಚಾಗಿ ಬಂತು. ಒಬ್ಬ ಹುಡುಗ ಕೋಲಿನಲ್ಲಿ ವೈರ್ ಎತ್ತಿ ಹಿಡಿದಿದ್ದ. ಶಟರಿನಿಂದ ಒಳಕ್ಕೆ ಕ್ರೇನ್ ಹೋಗುವುದಿಲ್ಲ. ಅಲ್ಲಿಂದ ಮೇಸ್ತ್ರಿ ಕೆಲಸ. ಪೈಪಿನ ತುಂಡು ಅಡಿಗೆ ಹಾಕಿ, ಹಾರೆ ಕೊಟ್ಟು ಮೀಟಿ, “ಹಿಡೀ... ಬಿಡೂ...” ಅಂತ ಕೂಗುತ್ತಾ ಎರಡು ಗಂಟೆಯಲ್ಲಿ ಜಾಗಕ್ಕೆ ತಂದರು. ಎಚ್‌ಎಂಟಿ ಲೇತನ್ನೂ ಹೀಗೇ ಒಳಗೆ ತಂದದ್ದಂತೆ, ಅಪ್ಪನ ಕಾಲದಲ್ಲಿ. ಬೂದುಗುಂಬಳ ಒಡೆದೆವು. ಅರಿಶಿನ ಕುಂಕುಮ ಎಲ್ಲಿ ಹಚ್ಚುವುದು ಅನ್ನುವುದೇ ಸಮಸ್ಯೆ ಆಯಿತು. ಹಳೆ ಲೇತಿನಲ್ಲಾದರೆ ಚಕ್ಕಿಗೇ ಹಚ್ಚುತ್ತಿದ್ದೆವು. ಇಲ್ಲಿ ಎಲ್ಲಾ ಬಾಗಿಲ ಒಳಗೆ. ಕೊನೆಗೆ ಕಂಟ್ರೋಲಿನ ಸ್ಕ್ರೀನ್ ಮೇಲ್ಗಡೆ ಒಂದು ಬೊಟ್ಟು ಇಟ್ಟೆವು. ಇವತ್ತಿಗೂ ಇದೆ.

ಲೆವೆಲ್ ಮಾಡಲು ಒಂದೂವರೆ ದಿನ ಹಿಡಿಯಿತು. ಅವರ ಸ್ಪಿರಿಟ್ ಲೆವೆಲಿನಲ್ಲಿ ಒಂದು ಗೆರೆ ಅಂದರೆ ಮೀಟರಿಗೆ 0.02 ಮಿಲಿಮೀಟರ್ ಓರೆ. ಗುಳ್ಳೆ ಒಂದು ಗೆರೆ ಆಚೀಚೆ ಹೋದರೆ ಅವರು ತಲೆ ಅಲ್ಲಾಡಿಸುತ್ತಿದ್ದರು.

ಇಷ್ಟು ದಿನ ಬಗ್ಗಿ ನೋಡುತ್ತಿದ್ದ ಬೆಡ್ ಇಲ್ಲಿ ಓರೆಯಾಗಿ ನಿಂತಿದೆ. ಮೇಸ್ತ್ರಿಗೆ ಇದು ಇಷ್ಟ ಆಗಿದ್ದು ಯಾಕೆ ಗೊತ್ತಾ? ಚಿಪ್ಸು, ಅಂದರೆ ಕತ್ತರಿಸಿ ಬಂದ ಲೋಹದ ಸಿಪ್ಪೆ, ತಾನೇ ಕೆಳಗೆ ಬೀಳುತ್ತೆ. ಚಪ್ಪಟೆ ಬೆಡ್ಡಿನ ಮೇಲಿಂದ ಬಿಸಿ ಚಿಪ್ಸನ್ನು ಕೊಕ್ಕೆಯಲ್ಲಿ ಎಳೆದೂ ಎಳೆದೂ ಅವರ ಕೈ ತುಂಬಾ ಸಣ್ಣ ಸಣ್ಣ ಸುಟ್ಟ ಗಾಯದ ಕಲೆಗಳಿವೆ.

ವೇಗದ ವಿಷಯ ಅವರಿಗೆ ಹಿಡಿಸಲಿಲ್ಲ. ಅವರು ತಾವೇ ಸಾಣೆ ಹಿಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ ನಿಮಿಷಕ್ಕೆ 30 ಮೀಟರ್ ಕಟಿಂಗ್ ಸ್ಪೀಡ್ ಇಡುತ್ತಿದ್ದರು. 32 ಮಿಲಿಮೀಟರ್ ಸರಳಿಗೆ ಅದು ಸುಮಾರು 300 ಸುತ್ತು. ಇಲ್ಲಿ ಕಾರ್ಬೈಡ್ ಇನ್ಸರ್ಟಿಗೆ 200 ಮೀಟರ್ ಇಟ್ಟರೆ 2000 ಸುತ್ತು. ಮೊದಲ ಸಲ ಸ್ಪಿಂಡಲ್ ಆ ಸದ್ದು ಮಾಡಿದಾಗ ಅವರು ಎರಡು ಹೆಜ್ಜೆ ಹಿಂದೆ ಹೋದರು. ಇನ್ನೊಂದು ವಿಷಯ: ಪ್ರೋಗ್ರಾಂನಲ್ಲಿ ಜಿ96 ಅನ್ನುವ ಆಜ್ಞೆ ಹಾಕಿದರೆ ಕಟಿಂಗ್ ಸ್ಪೀಡ್ ಒಂದೇ ಇರುವಂತೆ ಮಷಿನೇ ಸುತ್ತು ಬದಲಾಯಿಸುತ್ತೆ. ಫೇಸಿಂಗ್, ಅಂದರೆ ಜಾಬಿನ ತುದಿಯ ಮುಖ ಮಟ್ಟ ಮಾಡುತ್ತಾ ಟೂಲ್ ನಡುವಿನ ಕಡೆ ಹೋದಂತೆ ಸುತ್ತು ಏರುತ್ತಾ ಏರುತ್ತಾ ಹೋಗುತ್ತೆ. ಅದಕ್ಕೆ ಜಿ50 ಅಂತ ಒಂದು ಕಡಿವಾಣ ಹಾಕಬೇಕು, ಇಷ್ಟರ ಮೇಲೆ ಹೋಗಬೇಡ ಅಂತ. ಮರೆತರೆ ಅಪಾಯ. ಸುತ್ತು ಜಾಸ್ತಿ ಆದಷ್ಟೂ ಜಾ ಹೊರಕ್ಕೆ ಎಳೆಯಲ್ಪಟ್ಟು ಹಿಡಿತ ಸಡಿಲ ಆಗುತ್ತೆ. ಅಷ್ಟು ಹೊತ್ತಿಗೆ ಜಾಬ್ ಕೈಬಿಟ್ಟರೆ ಬಾಗಿಲ ಗಾಜು ತಡೆಯಬೇಕು ಅಷ್ಟೇ.

ಇನ್ಸರ್ಟಿನ ಹೆಸರುಗಳನ್ನು ನಾನು ಅವರಿಗೆ ಜಾತಕ ಓದಿದ ಹಾಗೆ ಓದಿ ಹೇಳಿದೆ. ಸಿಎನ್‌ಎಂಜಿ 120408. ‘ಸಿ’ ಅಂದರೆ 80 ಡಿಗ್ರಿ ಮೂಲೆಯ ಡೈಮಂಡ್ ಆಕಾರದ ಬಿಲ್ಲೆ. 12 ಅಂದರೆ ಅಂಚಿನ ಉದ್ದ. 04 ದಪ್ಪ. ಕೊನೆಯ 08 ಅಂದರೆ ಮೂಗಿನ ತುದಿಯ ದುಂಡು 0.8 ಮಿಲಿಮೀಟರ್. “ಮೂಗು ದೊಡ್ಡದಾದರೆ ಮುಖ ನುಣ್ಣಗೆ” ಅಂದರು ಅವರು. ನನ್ನ ಡಿಪ್ಲೊಮಾ ಪುಸ್ತಕದಲ್ಲಿ ಇದಕ್ಕೆ ಸೂತ್ರವೇ ಇದೆ. ಫೀಡಿನ (ಒಂದು ಸುತ್ತಿಗೆ ಟೂಲ್ ಸರಿಯುವ ದೂರ) ವರ್ಗವನ್ನು ಎಂಟು ಪಾಲು ಮೂಗಿನ ದುಂಡಿನಿಂದ ಭಾಗಿಸು. 0.2 ಫೀಡಿಗೆ 0.8 ಮೂಗಿನಲ್ಲಿ ಗೀರಿನ ಆಳ 6 ಮೈಕ್ರಾನಿಗೆ ಸ್ವಲ್ಪ ಮೇಲೆ. ಫೀಡ್ ಅರ್ಧ ಮಾಡಿದರೆ ಒಂದೂವರೆ. ಅವರಿಗೆ ಸೂತ್ರ ಬೇಕಿರಲಿಲ್ಲ.

ಈಗ ನನ್ನ ದಡ್ಡತನದ ಕಥೆ.

ಎರಡನೇ ವಾರ. ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಓದಿದ ಹುಡುಗನೊಬ್ಬ ಕೆಲಸಕ್ಕೆ ಸೇರಿದ್ದ. ಆದರೂ ಪ್ರೋಗ್ರಾಂ ನಾನೇ ಬರೆಯಬೇಕು ಅಂತ ಹುಮ್ಮಸ್ಸು. ಶಾಫ್ಟಿನ ಇನ್ನೊಂದು ತುದಿಗೆ ಎಂ20 ಥ್ರೆಡ್ (20 ಮಿಲಿಮೀಟರಿನ ಸ್ಕ್ರೂ ಗೆರೆ) ಇದೆ. ಅದರ ಹಿಂದೆ ಒಂದು ಅಂಡರ್‌ಕಟ್, ಅಂದರೆ ಸುತ್ತಲೂ ಕಿರಿದಾದ ತಗ್ಗು. ಗ್ರೂವಿಂಗ್ ಟೂಲ್ ಆ ಜಾಗದ ಎದುರಿಗೆ ಬಂದು, ಎಕ್ಸ್‌ನಲ್ಲಿ, ಅಂದರೆ ವ್ಯಾಸದ ಲೆಕ್ಕದಲ್ಲಿ, 24ಕ್ಕೆ ನಿಂತು, ಅಲ್ಲಿಂದ ನಿಧಾನಕ್ಕೆ ಒಳಗೆ ಹೋಗಬೇಕು. ನಾನು ಬರೆದದ್ದು ‘ಎಕ್ಸ್ 24’. ಬರೆಯಬೇಕಿದ್ದದ್ದು ‘ಎಕ್ಸ್ 24’ ಆಮೇಲೆ ಒಂದು ಚುಕ್ಕೆ.

ಆ ಚುಕ್ಕೆ ಇಲ್ಲದಿದ್ದರೆ ನಮ್ಮ ಕಂಟ್ರೋಲ್ ಅದನ್ನು 24 ಮಿಲಿಮೀಟರ್ ಅಂತ ಓದುವುದಿಲ್ಲ. 24 ಮೈಕ್ರಾನ್ ಅಂತ ಓದುತ್ತೆ. ಅಂದರೆ ಜಾಬಿನ ನಟ್ಟನಡು. ಅಲ್ಲಿಗೆ ಹೋಗು ಅಂತ ನಾನೇ ಆಜ್ಞೆ ಕೊಟ್ಟಿದ್ದೇನೆ, ಅದೂ ರಾಪಿಡ್ಡಿನಲ್ಲಿ, ಮಷಿನಿನ ಅತಿ ಜೋರು ಓಟದಲ್ಲಿ.

ಸದ್ದು ಹೇಗಿತ್ತು ಅಂತ ಬರೆಯಲು ಬರುವುದಿಲ್ಲ. ಟೀ ಅಂಗಡಿಯವನು ಓಡಿ ಬಂದ. ಸ್ಕ್ರೀನ್ ತುಂಬಾ ಕೆಂಪು ಅಲಾರಂ. ಟೂಲ್ ಹೋಲ್ಡರ್ ಎರಡು ತುಂಡು. ಶಾಫ್ಟ್ ಬಾಳೆಕಾಯಿಯ ಹಾಗೆ ಬಗ್ಗಿತ್ತು. ರಾಪಿಡ್ಡನ್ನು ಶೇಕಡಾ 25ಕ್ಕೆ ಇಳಿಸಿಟ್ಟಿದ್ದ ಹುಡುಗ ನನ್ನ ಮಾನ ಉಳಿಸಿದ. ನೂರರಲ್ಲಿ ಇದ್ದಿದ್ದರೆ ಸ್ಪಿಂಡಲ್ ಬೇರಿಂಗಿನ ಬಗ್ಗೆ ಮಾತಾಡಬೇಕಾಗಿತ್ತು. ಟರೆಟ್ ಸ್ವಲ್ಪ ತಿರುಗಿ ಕೂತಿತ್ತು. ಸರ್ವೀಸಿನವರು ಬಂದು, ಡಯಲ್ (ಮೈಕ್ರಾನ್ ಲೆಕ್ಕದ ಅಲುಗಾಟ ತೋರಿಸುವ ಮುಳ್ಳಿನ ಗೇಜು) ಇಟ್ಟು, ಬೋಲ್ಟ್ ಸಡಿಲಿಸಿ, ಮೆತ್ತಗೆ ತಟ್ಟಿ ತಟ್ಟಿ ಮತ್ತೆ ಸಾಲಿಗೆ ತಂದರು. ಎರಡು ದಿನ, ಒಂದು ಬಿಲ್ಲು.

ಸಿಂಗಲ್ ಬ್ಲಾಕಿನಲ್ಲಿ ಒಂದೊಂದೇ ಸಾಲು ಓಡಿಸು, ಸ್ಕ್ರೀನಿನಲ್ಲಿ ಇನ್ನು ಎಷ್ಟು ದೂರ ಹೋಗಬೇಕು ಅಂತ ಇರುವ ಅಂಕಿ ಓದು, ಕೈ ಫೀಡ್ ಹೋಲ್ಡ್ ಗುಂಡಿ ಮೇಲಿರಲಿ ಅಂತ ಹುಡುಗ ಮೊದಲೇ ಹೇಳಿದ್ದ. ಓನರಿಗೆ ಎರಡು ಸಲ ಹೇಳಲು ಅವನಿಗೆ ಸಂಕೋಚ. ಚುಕ್ಕೆ ಇಲ್ಲದಿದ್ದರೂ ಮಿಲಿಮೀಟರ್ ಅಂತಲೇ ಓದುವಂತೆ ಪ್ಯಾರಾಮೀಟರ್ ಬದಲಾಯಿಸಬಹುದು. ಬದಲಾಯಿಸಲಿಲ್ಲ. ನಾಳೆ ಬೇರೆ ಮಷಿನಿನಲ್ಲಿ ಅದೇ ಅಭ್ಯಾಸ ಕೈಕೊಡುತ್ತೆ.

ಮೇಸ್ತ್ರಿ ಏನೂ ಅನ್ನಲಿಲ್ಲ. ಬಗ್ಗಿದ ಶಾಫ್ಟನ್ನು ಒರೆಸಿ, ನನ್ನ ಮೇಜಿನ ಮೇಲೆ ಪೇಪರ್ ವೇಟ್ ಆಗಿ ಇಟ್ಟು ಹೋದರು.

ಮೇ ತಿಂಗಳು. ಜಾಬ್ ಓಡುತ್ತಿತ್ತು. ಒಂದು ಪೀಸಿಗೆ 2 ನಿಮಿಷ 40 ಸೆಕೆಂಡ್, ಡೆಮೋದಲ್ಲಿ ತೋರಿಸಿದಷ್ಟೇ. ಗ್ರೈಂಡಿಂಗ್ ಇಲ್ಲ. ಹುಡುಗ ಬಾಗಿಲು ತೆರೆಯುತ್ತಾನೆ, ಜಾಬ್ ತೆಗೆಯುತ್ತಾನೆ, ಬಟ್ಟೆಯಲ್ಲಿ ಒರೆಸಿ ಮೈಕ್ರೋಮೀಟರಿನಲ್ಲಿ ಅಳೆಯುತ್ತಾನೆ. 29.984. ಟ್ರೇಗೆ ಹಾಕುತ್ತಾನೆ. 600 ಪೀಸ್ ಪ್ಯಾಕ್ ಮಾಡಿ ಕಳಿಸಿದೆವು. ನನಗೆ ನೆಲದ ಮೇಲೆ ಕಾಲಿರಲಿಲ್ಲ.

ನಾಲ್ಕು ದಿನಕ್ಕೆ 140 ಪೀಸ್ ವಾಪಸ್ ಬಂತು. ಚೀಟಿಯಲ್ಲಿ ‘ಅಂಡರ್‌ಸೈಜ್’ ಅಂತ. 29.977, 29.978, 29.976.

ನಾನು ಜಗಳಕ್ಕೇ ನಿಂತೆ. ಅವರ ಮೈಕ್ರೋಮೀಟರ್ ಸರಿ ಇಲ್ಲ ಅಂದೆ. ನಮ್ಮದನ್ನು ಸೆಟ್ಟಿಂಗ್ ಮಾಸ್ಟರಿನಲ್ಲಿ (ನಿಖರ ಸೈಜು ಗೊತ್ತಿರುವ ಉಕ್ಕಿನ ತುಂಡು) ಇಟ್ಟು ನೋಡಿದೆ, ಸೊನ್ನೆಯೇ ತೋರಿಸಿತು. ವಾಪಸ್ ಬಂದ ಪೀಸನ್ನು ಅದೇ ಮೈಕ್ರೋಮೀಟರಿನಲ್ಲಿ ಅಳೆದೆ. 29.977. ನಾವು ಕಳಿಸಿದ ಪೀಸೇ, ನಮ್ಮ ಮೈಕ್ರೋಮೀಟರೇ. ಏಳು ಮೈಕ್ರಾನ್ ದಾರಿಯಲ್ಲಿ ಎಲ್ಲೋ ಕಳೆದುಹೋಗಿದೆ.

ಮೇಸ್ತ್ರಿ ಬಂದು ಆಗಷ್ಟೇ ಮಷಿನಿನಿಂದ ಹೊರಬಂದ ಜಾಬನ್ನು ಕೈಯಲ್ಲಿ ಹಿಡಿದುಕೊಂಡರು. ಹಿಡಿದು ಹಾಗೇ ನಿಂತರು. “ಇದನ್ನ ಈಗ್ಲೇ ಅಳೀತಿಯಾ?” ಅಂದರು. ಹೂಂ ಅಂದ ಹುಡುಗ. “ಬಿಸಿ ಜಾಬ್ ಸುಳ್ಳು ಹೇಳುತ್ತೆ ಕಣೋ.”

ಆಮೇಲೆ ಲೆಕ್ಕ ಹಾಕಿದೆ. ಉಕ್ಕು ಒಂದು ಡಿಗ್ರಿ ಬಿಸಿ ಆದರೆ ಒಂದು ಮೀಟರಿಗೆ ಸುಮಾರು ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತೆ. ಕತ್ತರಿಸುವ ಜಾಗವನ್ನು ತಂಪು ಮಾಡುವ ಕೂಲೆಂಟ್ ಟ್ಯಾಂಕಿನಲ್ಲಿ ಮಟ್ಟ ಇಳಿದಿತ್ತು, ಮಧ್ಯಾಹ್ನದ ಹೊತ್ತಿಗೆ ಕೂಲೆಂಟೇ ಬಿಸಿನೀರಿನ ಹಾಗಿತ್ತು. ಜಾಬ್ ಹೊರಗೆ ಬರುವಾಗ 50 ಡಿಗ್ರಿ ಹತ್ತಿರ. ಮೈಕ್ರೋಮೀಟರ್ ಇದ್ದದ್ದು 30ರಲ್ಲಿ. 20 ಡಿಗ್ರಿ ವ್ಯತ್ಯಾಸ, 30 ಮಿಲಿಮೀಟರ್ ದಪ್ಪ. ಗುಣಿಸಿದರೆ ಸುಮಾರು 7 ಮೈಕ್ರಾನ್. ಇದ್ದ ಜಾಗವೇ 13, ಅದರಲ್ಲಿ ಅರ್ಧ ಬಿಸಿಯೇ ತಿಂದಿತ್ತು. ಮೈಕ್ರೋಮೀಟರೂ ಉಕ್ಕೇ. ಇಬ್ಬರೂ ಒಂದೇ ಬಿಸಿಯಲ್ಲಿದ್ದರೆ ಇಬ್ಬರೂ ಒಟ್ಟಿಗೆ ಹಿಗ್ಗುತ್ತಾರೆ, ತಕರಾರಿಲ್ಲ. ಒಬ್ಬ ಬಿಸಿ, ಇನ್ನೊಬ್ಬ ತಣ್ಣಗೆ ಇದ್ದಾಗಲೇ ಮೋಸ. ಅಳತೆಗೆ 20 ಡಿಗ್ರಿ ಅಂತ ಜಗತ್ತಿಗೆಲ್ಲಾ ಒಂದು ನಿಯಮ ಇರುವುದು ಸುಮ್ನೆ ಅಲ್ಲ. ಇದನ್ನು ನಾನು ಡಿಪ್ಲೊಮಾದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮಾರ್ಕ್ಸೂ ತಗೊಂಡಿದ್ದೆ.

ಹಳೆ ಲೇತಿನಲ್ಲಿ ಈ ತೊಂದರೆ ಯಾಕೆ ಬರಲಿಲ್ಲ? ಬಂದಿರುತ್ತೆ. ಆದರೆ ಅಲ್ಲಿ ಒಂದು ಪೀಸಿಗೆ 12 ನಿಮಿಷ. ಮುಂದಿನದು ಆಗುವಷ್ಟರಲ್ಲಿ ಹಿಂದಿನದು ಆರಿರುತ್ತಿತ್ತು. ಮೇಲಾಗಿ ಕೊನೆಯ ಸೈಜು ಗ್ರೈಂಡಿಂಗಿನವರ ತಲೆನೋವು. ಆ ತಲೆನೋವನ್ನೂ ನಾನು ಮಷಿನ್ ಜೊತೆಗೇ ಕೊಂಡು ತಂದಿದ್ದೆ.

ಪಕ್ಕದ ಗ್ರಾನೈಟ್ ಅಂಗಡಿಯಿಂದ ಒಂದು ಕಲ್ಲು ತಂದು ಹಾಕಿದೆವು. ಮಷಿನಿನಿಂದ ಬಂದ ಐದನೇ ಪೀಸ್ ಪ್ರತಿ ಸಲ ಅದರ ಮೇಲೆ ಹೋಗಬೇಕು. ಪಕ್ಕದಲ್ಲೇ ಸೆಟ್ಟಿಂಗ್ ಮಾಸ್ಟರ್, ಪಕ್ಕದಲ್ಲೇ ಮೈಕ್ರೋಮೀಟರ್. ಮೂರೂ ಒಂದೇ ಕಲ್ಲಿನ ಮೇಲೆ 20 ನಿಮಿಷ. ಆಮೇಲೆ ಅಳತೆ. ಪುಸ್ತಕದಲ್ಲಿ ಬರೆ. ಸೈಜು ಒಂದು ಕಡೆಗೆ ಜಾರುತ್ತಿದ್ದರೆ ವೇರ್ ಆಫ್‌ಸೆಟ್ಟಿನಲ್ಲಿ (ಟೂಲ್ ಸವೆತಕ್ಕೆ ತಿದ್ದುವ ಅಂಕಿ) 3 ಮೈಕ್ರಾನ್, 4 ಮೈಕ್ರಾನ್ ತಿದ್ದು. ಕೂಲೆಂಟ್ ಮಟ್ಟ ಬೆಳಿಗ್ಗೆ ಒಂದು ಸಲ, ಊಟ ಆದ ಮೇಲೆ ಒಂದು ಸಲ.

ಇದರ ಜೊತೆಗೇ ಇನ್ನೊಂದು ಗೊತ್ತಾಯಿತು. ಬೆಳಿಗ್ಗೆ ಮೊದಲ ಅರ್ಧ ಗಂಟೆಯ ಪೀಸುಗಳು ಒಂದು ಸೈಜು, ಆಮೇಲಿನವು ಇನ್ನೊಂದು. 12 ಮೈಕ್ರಾನ್‌ವರೆಗೂ ವ್ಯತ್ಯಾಸ. ಮಷಿನ್ ತಾನೂ ಬಿಸಿಯಾಗಿ ಹಿಗ್ಗುತ್ತೆ. ಸ್ಪಿಂಡಲ್, ಬಾಲ್ ಸ್ಕ್ರೂ ಎಲ್ಲಾ. ಈಗ ಬೆಳಿಗ್ಗೆ ಬಂದ ಕೂಡಲೇ ಜಾಬ್ ಇಲ್ಲದೆ 20 ನಿಮಿಷ ಓಡಿಸುವ ಪ್ರೋಗ್ರಾಂ ಇದೆ. ಸ್ಪಿಂಡಲ್ ಮೆತ್ತಗೆ ಶುರುವಾಗಿ ಮೇಲಕ್ಕೆ ಹೋಗುತ್ತೆ, ಸ್ಲೈಡು ಹಿಂದೆ ಮುಂದೆ ಓಡಾಡುತ್ತೆ. ಆ ಹೊತ್ತಿನಲ್ಲಿ ಎಲ್ಲರೂ ಟೀ ಕುಡಿಯುತ್ತೇವೆ. ಮೇಸ್ತ್ರಿ ಇದಕ್ಕೆ ಇಟ್ಟ ಹೆಸರು ‘ಸೂರ್ಯನಮಸ್ಕಾರ’.

ಆಗಸ್ಟಿನಲ್ಲಿ ಒಂದು ತೆಳು ಬುಷ್, ಅಂದರೆ ಕೊಳವೆಯಂಥ ಜಾಬು, ಬಂತು. ಹೊರಗೆ 60, ಒಳಗೆ 52, ಗೋಡೆ ಬರೀ 4 ಮಿಲಿಮೀಟರ್. ಬೋರ್ ಮಾಡಿ, ಅಂದರೆ ಒಳಗಿನ ತೂತನ್ನು ಸೈಜಿಗೆ ಕತ್ತರಿಸಿ, ಬೋರ್ ಗೇಜಿನಲ್ಲಿ ನೋಡಿದರೆ ಎಲ್ಲಾ ಕಡೆ ಒಂದೇ ಅಳತೆ, ಸೈಜು ಪಕ್ಕಾ. ಗಿರಾಕಿ ಕೊಟ್ಟ ಪ್ಲಗ್ ಗೇಜ್ (ತೂತಿನೊಳಗೆ ಇಳಿಸಿ ನೋಡುವ ದುಂಡು ಉಕ್ಕು) ಮಾತ್ರ ಒಳಗೆ ಹೋಗಲ್ಲ. ಹುಡುಗನಿಗೂ ನನಗೂ ತಲೆ ಕೆಟ್ಟಿತು. ಗೇಜ್ ಸರಿ ಅನ್ನುತ್ತೆ, ಪ್ಲಗ್ ತಪ್ಪು ಅನ್ನುತ್ತೆ.

ಮೇಸ್ತ್ರಿ ಬುಷ್ಷನ್ನು ವಿ ಆಕಾರದ ಬ್ಲಾಕಿನ ಮೇಲಿಟ್ಟು, ಬೋರಿನ ಒಳಗೆ ಡಯಲ್ ತಾಗಿಸಿ, ಬೆರಳಲ್ಲಿ ಮೆಲ್ಲಗೆ ತಿರುಗಿಸಿದರು. ಮುಳ್ಳು ಒಂದು ಸುತ್ತಿಗೆ ಮೂರು ಸಲ ಎದ್ದು ಮೂರು ಸಲ ಇಳಿಯಿತು. ಜಾ ಮೂರು, ಉಬ್ಬು ಮೂರು. ಹೈಡ್ರಾಲಿಕ್ ಚಕ್ ತೆಳು ಬುಷ್ಷನ್ನು ಮೂರು ಕಡೆ ಅದುಮಿ ಹಿಡಿದಿತ್ತು. ಅದುಮಿದ ಸ್ಥಿತಿಯಲ್ಲಿ ನಾವು ದುಂಡಗೆ ಬೋರ್ ಮಾಡಿದ್ದೆವು. ಬಿಟ್ಟ ಕೂಡಲೇ ಬುಷ್ ತನ್ನ ಆಕಾರಕ್ಕೆ ಮರಳಿ, ಒಳಗಿನ ಬೋರ್ ಮೂರು ಮೂಲೆ ಆಯಿತು. ಇದರ ಮಜಾ ಏನೆಂದರೆ, ಮೂರು ಉಬ್ಬಿನ ಆಕಾರವನ್ನು ಎದುರುಬದುರು ಎರಡು ಕಡೆ ಮುಟ್ಟಿ ಅಳೆದರೆ ಎಲ್ಲಿ ಅಳೆದರೂ ಒಂದೇ ಅಳತೆ ಬರುತ್ತೆ. ಒಂದು ಕಡೆ ಉಬ್ಬಿದ್ದರೆ ಎದುರಿಗೆ ತಗ್ಗಿರುತ್ತಲ್ಲ. ಬೋರ್ ಗೇಜಿಗೆ ಅದು ಕಾಣುವುದೇ ಇಲ್ಲ.

ಆಗ ನನಗೆ ಇಮ್‌ಟೆಕ್ಸಿನಲ್ಲಿ ಅವರು ಕೇಳಿದ ಪ್ರಶ್ನೆ ಅರ್ಥ ಆಯಿತು. ಜಾ ಯಾರು ಬೋರ್ ಮಾಡಿದ್ದು?

ಸಾಫ್ಟ್ ಜಾ ಅಂದರೆ ಮೆತ್ತನೆ ಉಕ್ಕಿನ ಹಿಡಿ. ಜಾಬಿಗೆ ತಕ್ಕಂತೆ ಅದನ್ನು ಚಕ್ಕಿನ ಮೇಲೆಯೇ ಬೋರ್ ಮಾಡಿಕೊಳ್ಳಬೇಕು. ಬೋರ್ ಮಾಡುವಾಗ ಜಾ ಸುಮ್ನೆ ಗಾಳಿಯಲ್ಲಿ ಇರಬಾರದು. ಒಂದು ರಿಂಗನ್ನು ಹಿಡಿದಿರಬೇಕು, ಜಾಬ್ ಹಿಡಿಯುವಾಗ ಎಷ್ಟು ಪ್ರೆಷರ್ ಇರುತ್ತೋ ಅಷ್ಟೇ ಪ್ರೆಷರಿನಲ್ಲಿ. ಇಲ್ಲದಿದ್ದರೆ ಬೋರ್ ಮಾಡಿದ ಜಾಗ ಒಂದು, ಹಿಡಿಯುವ ಜಾಗ ಇನ್ನೊಂದು. ಮೇಸ್ತ್ರಿ ಅಗಲವಾದ ಜಾ ಮಾಡಿದರು, ಕಡುಬಿನ ಮೂರು ಹೋಳು ಸೇರಿಸಿದ ಹಾಗೆ. ಮುಚ್ಚಿದರೆ ಬುಷ್ಷನ್ನು ಸುತ್ತಲೂ ತಬ್ಬಿಕೊಳ್ಳುತ್ತೆ. ಪ್ರೆಷರನ್ನು 20ರಿಂದ 8 ಕೆಜಿಗೆ ಇಳಿಸಿದರು. ಕೊನೆಯ ಕಟ್ಟಿಗೆ ಕಾಲು ಮಿಲಿಮೀಟರ್ ಮಾತ್ರ ಉಳಿಸಿಕೊಂಡರು. ಪ್ಲಗ್ ಗೇಜ್ ತನ್ನ ಭಾರಕ್ಕೇ ಒಳಗೆ ಇಳಿಯಿತು.

ಈಗ ಸಿಎನ್‌ಸಿಯ ಎಲ್ಲಾ ಜಾ ಅವರದ್ದೇ ಕೆಲಸ. ಬ್ಲಾಂಕುಗಳನ್ನು ಎನ್‌ಎಚ್ 22ರಲ್ಲಿ ತಯಾರು ಮಾಡುತ್ತಾರೆ. ಒಂದೊಂದು ಸೆಟ್ಟಿಗೂ ನಂಬರ್ ಪಂಚ್ ಹೊಡೆದು ಗೋಡೆಗೆ ನೇತು ಹಾಕಿದ್ದಾರೆ. ಹುಡುಗ ಪ್ರೋಗ್ರಾಂ ಹಾಕುತ್ತಾನೆ. ಬಟನ್ ಒತ್ತುವ ಮೊದಲು ಮೇಸ್ತ್ರಿ ಜಾಗೆ ಡಯಲ್ ತಾಗಿಸಿ ನೋಡುತ್ತಾರೆ. ಮುಳ್ಳು ಎರಡು ಪಾಯಿಂಟಿಗಿಂತ ಜಾಸ್ತಿ ಅಲ್ಲಾಡಿದರೆ ತಲೆ ಅಲ್ಲಾಡಿಸುತ್ತಾರೆ. ಬಟನ್ ಒತ್ತುವುದನ್ನು ಮಾತ್ರ ಅವರು ಇನ್ನೂ ಕಲಿತಿಲ್ಲ. ಕಲಿಯಿರಿ ಅಂದರೆ, “ಅದು ಲಿಫ್ಟಲ್ಲೂ ಇರುತ್ತೆ ಬಿಡಿ” ಅನ್ನುತ್ತಾರೆ.

ಕಿವಿಯ ವಿಷಯದಲ್ಲಿ ನಾನು ಸೋತೆ ಅಂತ ಒಪ್ಪಿಕೊಳ್ಳಬೇಕು. ಮುಚ್ಚಿದ ಬಾಗಿಲ ಒಳಗೆ ಕೂಲೆಂಟ್ ಸದ್ದಿನಲ್ಲಿ ಇವರಿಗೇನು ಕೇಳಿಸುತ್ತೆ ಅಂದುಕೊಂಡಿದ್ದೆ. ಸ್ಟೇನ್‌ಲೆಸ್ ಜಾಬ್ ಒಂದು ಓಡುತ್ತಿತ್ತು, 304. ಅದರ ಚಿಪ್ಸು ಮುರಿಯದೆ ಶ್ಯಾವಿಗೆಯ ಹಾಗೆ ಉದ್ದುದ್ದ ಬಂದು ಟೂಲಿಗೆ ಸುತ್ತಿಕೊಳ್ಳುತ್ತೆ. ಆಚೆ ಎಚ್‌ಎಂಟಿ ಮುಂದೆ ನಿಂತಿದ್ದವರು ಕೂಗಿದರು. “ಲೋ, ಸುತ್ಕೊಂಡಿದೆ, ನಿಲ್ಸು.” ಬಾಗಿಲು ತೆರೆದರೆ ಚಕ್ ಸುತ್ತ ಗುಬ್ಬಿ ಗೂಡು. ಇನ್ಸರ್ಟಿನ ಚಿಪ್ ಬ್ರೇಕರ್ ಬದಲಾಯಿಸಿ, ಫೀಡ್ ಸ್ವಲ್ಪ ಏರಿಸಿದ ಮೇಲೆ ಚಿಪ್ಸು ತುಂಡಾಗಿ ಬೀಳಲು ಶುರುವಾಯಿತು.

ಮಷಿನ್ ಬಂದು ವರ್ಷ ದಾಟಿದೆ. ಆ ಶಾಫ್ಟ್ ತಿಂಗಳಿಗೆ 3000 ಹೋಗುತ್ತಿದೆ. ವಾಪಸ್ ಬರುವುದು ನಿಂತಿಲ್ಲ, ಆದರೆ ಕೈಬೆರಳಲ್ಲಿ ಎಣಿಸುವಷ್ಟು. ಇಎಂಐ ಇನ್ನೂ ಮೂರು ವರ್ಷ ಇದೆ. ಎರಡು ಸ್ಪಿಂಡಲಿನ ಮಷಿನಿನ ಬ್ರೋಶರ್ ಮೇಜಿನ ಖಾನೆಯಲ್ಲಿದೆ, ಆಗಾಗ ತೆಗೆದು ನೋಡುತ್ತೇನೆ.

ನಿನ್ನೆ ಸಂಜೆಯಿಂದ ಸ್ಕ್ರೀನಿನ ಕೆಳಗೆ ‘ಬ್ಯಾಟ್’ ಅಂತ ಕೆಂಪಗೆ ಮಿನುಗುತ್ತಿದೆ. ಆ್ಯಕ್ಸಿಸ್ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳುವ ಬ್ಯಾಟರಿ ಮುಗಿಯುತ್ತಾ ಬಂದಿದೆ. ಇದನ್ನು ಮಷಿನ್ ಆನ್ ಇರುವಾಗಲೇ ಬದಲಾಯಿಸಬೇಕು. ಆಫ್ ಮಾಡಿ ಬಿಚ್ಚಿದರೆ ಸೊನ್ನೆ ಎಲ್ಲಿತ್ತು ಅನ್ನುವುದನ್ನೇ ಅದು ಮರೆತುಬಿಡುತ್ತೆ, ಆಮೇಲೆ ಮತ್ತೆ ಸರ್ವೀಸಿನವರು, ಮತ್ತೆ ಬಿಲ್ಲು. ಹೊಸ ಬ್ಯಾಟರಿ ತಂದಿದ್ದೇನೆ. ಇವತ್ತು ಕರೆಂಟ್ ಎರಡು ಸಲ ಹೋಗಿ ಬಂತು, ಅದಕ್ಕೆ ಮುಟ್ಟಲಿಲ್ಲ. ನಾಳೆ ಬೆಳಿಗ್ಗೆ ಸೂರ್ಯನಮಸ್ಕಾರ ಮುಗಿದ ಮೇಲೆ, ಮೇಸ್ತ್ರಿ ಟಾರ್ಚ್ ಹಿಡಿದುಕೊಳ್ಳುತ್ತೇನೆ ಅಂದಿದ್ದಾರೆ.